ಎಲೆ ಮುದುಡಿದ್ದು ಎಲ್ಲಿಂದ

ಕಬ್ಬಿನ ಊರಿನಿಂದ ದ್ರಾಕ್ಷಿಯ ಮನೆಗೆ ಬಂದವಳು ನಾನು. ತವರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಅಲ್ಲಿ ಹೊಲವೆಂದರೆ ಕಬ್ಬು. ಹೊಳೆಯಿಂದ ಎತ್ತಿದ ನೀರು ಹಾಯಿಸಿ, ಗೊಬ್ಬರ ಹಾಕಿ, ಮೊದಲ ಕೆಲವು ತಿಂಗಳು ಕಸ ಬೆಳೆಯದಂತೆ ನೋಡಿಕೊಂಡರೆ ಮುಗಿಯಿತು. ಆಮೇಲೆ ಅದು ಆಳೆತ್ತರ ಬೆಳೆದು ನಮ್ಮನ್ನೇ ಮುಚ್ಚಿಬಿಡುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಅಥಣಿಯಿಂದ ಕಾಗವಾಡದ ಕಡೆಗೆ ಹೋಗುವ ರಸ್ತೆ ಬದಿಯ ಒಂದು ಊರಿಗೆ ಕೊಟ್ಟರು. ಕುಡಚಿಗೆ ಬಂದು, ಹೊಳೆ ದಾಟಿ, ಇನ್ನೊಂದು ಬಸ್ಸು ಹಿಡಿದರೆ ಸಿಗುವ ಊರು. ದೂರವೇನಲ್ಲ. ಆದರೆ ಆ ಮನೆಯವರು ತಮ್ಮ ದ್ರಾಕ್ಷಿಯ ಬಗ್ಗೆ ಮಾತಾಡುವುದನ್ನು ಕೇಳಿದಾಗ ಬೇರೆ ಸೀಮೆಗೇ ಬಂದಂತಾಗಿತ್ತು.

“ಕಬ್ಬು ಗಟ್ಟಿ ಗಂಡಸಿದ್ದಂಗ, ಹಾಕಿದ್ದು ಉಂಡು ಬೆಳಿತೈತಿ,” ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. “ದ್ರಾಕ್ಷಿ ಹಂಗಲ್ಲವಾ. ಎಳೀ ಕೂಸು. ಎಲ್ಲಿ ನೋಯಾಕತ್ತೈತಿ ಅಂತ ತಾನಾಗಿ ಹೇಳೂದಿಲ್ಲ.”

ಮನೆಯಲ್ಲಿ ನಾವು ನಾಲ್ವರು: ಮಾವ, ಅತ್ತೆ, ನನ್ನ ಗಂಡ, ನಾನು. ಮಾವನವರು ಕೈ ಸುಮ್ಮನಿರುವ ಮನುಷ್ಯನಲ್ಲ. ಬಾಗಿಲು ಕಿರುಗುಟ್ಟಿದರೆ ಯಾಕೆಂದು ನೋಡುವ ಮೊದಲೇ ಸುತ್ತಿಗೆ ತರುತ್ತಿದ್ದರು. ಆ ಚುರುಕಿನಿಂದಲೇ ಅವರು ಬರೀ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಬಾವಿ ತೆಗೆಸಿ, ಕಲ್ಲುಕಂಬ ನೆಟ್ಟು, ತಂತಿ ಎಳೆದು, ದ್ರಾಕ್ಷಿ ಚಪ್ಪರ ಕಟ್ಟಿದ್ದರು. ನನ್ನ ಗಂಡ ತಂದೆಯ ಮಾತು ಮೀರುವವರಲ್ಲ. ನನಗೆ ಚಿಕ್ಕಂದಿನಿಂದ ‘ಯಾಕ’ ಎಂದು ಕೇಳುವ ಚಟ. ಕುಡಚಿಯ ಶಾಲೆಗೆ ಹೋಗಿ ಮ್ಯಾಟ್ರಿಕ್ ಮುಗಿಸಿದ್ದೆ. ಮುಂದೆ ಓದುವ ಆಸೆ ಇತ್ತು, ಅದು ಆಗಲಿಲ್ಲ. ಚಟ ಮಾತ್ರ ಉಳಿದಿತ್ತು.

ದ್ರಾಕ್ಷಿಗೆ ವರ್ಷಕ್ಕೆರಡು ಸಲ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ಬೇಸಿಗೆಯದು ಬಳ್ಳಿಗಾಗಿ, ದಸರೆಯ ಆಸುಪಾಸಿನದು ಹಣ್ಣಿಗಾಗಿ. ಎರಡನೆಯ ಚಾಟ್ನಿಯಾದ ಮೇಲೆ ಬೋಳು ಕಡ್ಡಿಗಳಿಂದ ಎಳೆಯ ಚಿಗುರು ಒಡೆಯುತ್ತದೆ. ಆ ಚಿಗುರಿನಲ್ಲೇ ಹೂವಿನ ಗೊಂಚಲು ಇರುತ್ತದೆ. ಅದಕ್ಕೆ ಮೋಡದ ಹವೆ ತಗುಲಿದರೆ ಬೂಜು ಹಿಡಿಯುತ್ತದೆಂದು ಮೇಲಿಂದ ಮೇಲೆ ಔಷಧ ಸಿಂಪಡಿಸುತ್ತಾರೆ. ನಮ್ಮ ಕಡೆ ಅದಕ್ಕೆ ‘ಎಣ್ಣಿ ಹೊಡಿಯೂದು’ ಎನ್ನುತ್ತಾರೆ.

ನಾನು ಆ ಮನೆಗೆ ಬಂದ ಮರುವರ್ಷದ ಮಾತು. ಚಿಗುರು ಒಡೆದು, ಮೊದಲ ಎಣ್ಣೆ ಹೊಡೆದು ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ಬುತ್ತಿ ಕೊಡಲು ತೋಟಕ್ಕೆ ಹೋದಾಗ ಗಂಡ ಒಂದು ಎಲೆ ಹರಿದು ನನ್ನ ಕೈಗಿಟ್ಟರು.

“ಇದನ್ನ ನೋಡು. ಹಿಂಗ ಯಾವತ್ತೂ ಆಗಿಲ್ಲ.”

ದ್ರಾಕ್ಷಿ ಎಲೆ ಅಂಗೈ ಅಗಲಿಸಿದಂತೆ ಇರಬೇಕು. ಇದು ಅರ್ಧ ಮಡಿಚಿದ ಬೀಸಣಿಕೆಯಂತಿತ್ತು. ನರಗಳೆಲ್ಲ ಒತ್ತೊತ್ತಾಗಿ ಒಂದೇ ಕಡೆಗೆ ಓಡಿದ್ದವು; ಅಂಚು ಗರಗಸದ ಹಲ್ಲಿನಂತೆ ಚೂಪಾಗಿತ್ತು. ಬಣ್ಣ ಹಸಿರೇ. ಹುಳ ತಿಂದ ಗುರುತಿಲ್ಲ, ಕಲೆಯಿಲ್ಲ, ಬೂಜಿಲ್ಲ. ರೋಗ ಬಂದ ಎಲೆಯಂತೆ ಕಾಣದೆ, ಯಾರೋ ಎಲೆಗೆ ಬೇರೆ ಆಕಾರ ಕಲಿಸಿದಂತೆ ಕಾಣುತ್ತಿತ್ತು. ಹೇಳಬಾರದು, ನನಗೆ ಆ ಎಲೆ ಚಂದ ಕಂಡಿತು. ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದು, ದೀಪದ ಗೂಡಿನ ಹತ್ತಿರ ಇಟ್ಟು, ಕೆಲಸದ ನಡುನಡುವೆ ನೋಡುತ್ತಿದ್ದೆ.

ಸುದ್ದಿ ಹಬ್ಬಿತು. ನೋಡಲು ಬಂದವರೆಲ್ಲ ಒಂದೊಂದು ಹೆಸರು ಕೊಟ್ಟರು. ಮೆಣಸಿನ ಗಿಡಕ್ಕೆ ಬರುವ ಮುಟುರು ರೋಗ ಅಂದರು ಒಬ್ಬರು. ನುಸಿ ಅಂದರು ಇನ್ನೊಬ್ಬರು. ಸತುವಿನ ಕೊರತೆ ಎಂದರು ಅಥಣಿಯ ಔಷಧದ ಅಂಗಡಿಯವರು. ದೃಷ್ಟಿಯಾಗಿದೆ ಎಂದವರೂ ಇದ್ದರು. ಮಾವನವರು ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ಮುಟುರು ರೋಗಕ್ಕೊಂದು ಎಣ್ಣೆ ಹೊಡೆದರು. ನುಸಿಗೊಂದು ಹೊಡೆದರು. ಸತುವಿನ ಪುಡಿ ಕಲಸಿ ಹೊಡೆದರು. ಬೇಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಒಂದೊಂದು ಸಲ ಹೊಡೆದಾಗಲೂ ಹೊಸದಾಗಿ ಬಂದ ಎಲೆಗಳು ಇನ್ನಷ್ಟು ಮುದುಡುತ್ತಿದ್ದವು. ಬಳ್ಳಿಯ ಕುಡಿಗಳು ಜಡೆ ಹೆಣೆದಂತೆ ತಿರುಚಿಕೊಂಡವು.

“ರೋಗ ಜೋರ ಐತಿ,” ಎನ್ನುತ್ತಿದ್ದರು ಮಾವ. “ಎಣ್ಣಿ ಇನ್ನೂ ಬಿರುಸ ಹೊಡೀಬೇಕು.”

ಕೊನೆಗೆ ನನ್ನ ಗಂಡ ಅಥಣಿಗೆ ಹೋಗಿ ಕೃಷಿ ಖಾತೆಯ ಅಧಿಕಾರಿಯೊಬ್ಬರನ್ನು ಕರೆತಂದರು. ಮೋಟಾರ್‌ಸೈಕಲ್ ಮೇಲೆ ಬಂದ, ನಡುವಯಸ್ಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಬಿಜಾಪುರದ ಕಡೆಯವರಂತೆ. ಬೂಟು ಕಳಚಿಟ್ಟು ಬರಿಗಾಲಲ್ಲಿ ಚಪ್ಪರದೊಳಗೆ ಹೋದರು. ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು:

“ಮೊದಲ ಯಾವ ಗಿಡಕ್ಕ ಬಂತ್ರಿ ಇದು?”

ಮಾವ ಗಂಡನ ಮುಖ ನೋಡಿದರು. ಗಂಡ ಚಪ್ಪರ ನೋಡಿದರು.

“ಎಲ್ಲಾ ಕಡೆನೂ ಐತ್ರಿ,” ಅಂದರು ಮಾವ.

“ಎಲ್ಲಾ ಕಡೆ ಇಲ್ಲಲ್ರಿ. ಈ ಸಾಲಿನ್ಯಾಗ ಅರ್ಧ ಛಲೋ ಅದಾವು. ಯಾವ ಕಡೆಯಿಂದ ಯಾವ ಕಡೆಗೆ ಹೋಗಾಕತ್ತೈತಿ? ಗಾಳಿ ಯಾವ ದಿಕ್ಕಿಂದ? ನೀರು ಹಾಯೂದು ಎಲ್ಲಿಂದ?”

ನೀರಿನ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರವಿತ್ತು. ದಿನಾ ಆ ತೋಟದಲ್ಲಿ ಓಡಾಡುವವರು ನಾವು. ಉಳಿದ ಒಂದಕ್ಕೂ ಸರಿಯಾಗಿ ಹೇಳಲಾಗಲಿಲ್ಲ.

“ಇಂಥಾ ಎಲಿ ನಾನೂ ಕಣ್ಣಾರೆ ನೋಡಿಲ್ರಿ,” ಎಂದರು ಅವರು. “ಕಬ್ಬಿನ್ಯಾಗ ಕಸ ಸಾಯಲಿ ಅಂತ ಹೊಡೀತಾರಲ್ರಿ, ಆ ಔಷಧದ ಗಾಳಿ ಬಡದ್ರ ದ್ರಾಕ್ಷಿ ಹಿಂಗ ಆಗ್ತೈತಿ ಅಂತ ಓದೀನಿ. ಓದೀನಿ ಅಷ್ಟ. ಅದೂ ಇರಬಹುದು, ಬ್ಯಾರೇನೂ ಇರಬಹುದು. ಗೊತ್ತಾಗೂತನಕ ಏನೂ ಹೊಡೀಬ್ಯಾಡ್ರಿ.”

“ಸುಮ್ಮನ ಕೂಡೂದೇನ್ರಿ ಹಂಗಾರ?”

“ಸುಮ್ಮನ ಕೂಡೂದಲ್ರಿ. ನೋಡ್ರಿ. ನೋಡಿ ನನಗ ಹೇಳಿ ಕಳಸ್ರಿ.”

ಅವರು ಹೋದ ಮೇಲೆ ಮಾವನವರಿಗೆ ಸಿಟ್ಟು. ಔಷಧ ಬರೆದುಕೊಡದ ಡಾಕ್ಟರನನ್ನು ಕರೆದಂತಾಯಿತು ಎಂದರು. ನನಗೆ ಮಾತ್ರ ಆ ಪ್ರಶ್ನೆಗಳು ತಲೆಯಿಂದ ಹೋಗಲಿಲ್ಲ. ಮೊದಲು ಯಾವ ಗಿಡ? ಒಂದೇ ಸಾಲಿನಲ್ಲಿ ಅರ್ಧ ಯಾಕೆ ಚೆನ್ನಾಗಿದೆ? ರೊಟ್ಟಿ ಬಡಿಯುವಾಗಲೂ ಅದೇ.

ಮರುದಿನ ಅತ್ತೆಗೆ ಹೇಳಿದೆ: “ಅತ್ತಿ, ಕೆಟ್ಟ ಗಿಡಕ್ಕೆಲ್ಲಾ ಒಂದೊಂದು ಚಿಂದಿ ಕಟ್ಟೂಣೇನು? ಭಾಳ ಕೆಟ್ಟಿದ್ದಕ್ಕ ಕೆಂಪು, ಸ್ವಲ್ಪ ಕೆಟ್ಟಿದ್ದಕ್ಕ ಬಿಳಿ. ಕೆಳಗ ನಿಂತ್ರ ಏನೂ ತಿಳಿಯೂದಿಲ್ಲ. ತ್ವಾಟದ ಅಟ್ಟದ ಮ್ಯಾಲೆ ಹತ್ತಿ ನೋಡಿದ್ರ ಕಾಣತೈತಿ.”

ಅತ್ತೆ ಸ್ವಲ್ಪ ಯೋಚಿಸಿ, ಒಳಗೆ ಹೋಗಿ ತಮ್ಮ ಹಳೆಯ ಕೆಂಪು ಇಳಕಲ್ ಸೀರೆ ತಂದರು. ಮಾವನವರ ಹರಿದ ಧೋತರವೂ ಸಿಕ್ಕಿತು. ಇಬ್ಬರೂ ಕೂತು ಪಟ್ಟಿ ಹರಿದೆವು. ಆಮೇಲೆ ಗಂಡನನ್ನೂ ಸೇರಿಸಿಕೊಂಡು ಸಾಲು ಹಿಡಿದು ಹೊರಟೆವು. ಚಾಟ್ನಿಯಾದ ಚಪ್ಪರ ಇನ್ನೂ ತುಂಬಿರಲಿಲ್ಲ. ತಂತಿಯ ಸಂದಿನಿಂದ ಕೈ ಮೇಲೆ ಮಾಡಿ ಕಡ್ಡಿಗೆ ಚಿಂದಿ ಕಟ್ಟಬಹುದಿತ್ತು. ಎತ್ತರಕ್ಕೆ ನಿಲುಕದ ನಾನು ಸ್ಟೂಲು ಹಿಡಿದುಕೊಂಡೇ ತಿರುಗಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಯಾವ ದೇವರಿಗೆ ಹರಕೆ ಎಂದು ಒಬ್ಬಾಕೆ ಕೇಳಿದಳು. ಇನ್ನೂ ಗೊತ್ತಿಲ್ಲ, ಹುಡುಕುತ್ತಿದ್ದೇವೆ ಎಂದರು ಅತ್ತೆ.

ಆ ಕೆಲಸದ ರುಚಿ ನನಗೆ ಇವತ್ತಿಗೂ ನೆನಪಿದೆ. ಚಿಂದಿ ಕಟ್ಟಬೇಕೆಂದರೆ ಪ್ರತಿ ಬಳ್ಳಿಯನ್ನೂ ನಿಂತು ನೋಡಬೇಕು, ಇದು ಭಾಳ ಕೆಟ್ಟಿದೆಯೋ ಸ್ವಲ್ಪವೋ ಎಂದು ತೀರ್ಮಾನಿಸಬೇಕು. ನಾವು ಮೂವರೂ ವಾದ ಮಾಡುತ್ತಿದ್ದೆವು. ಮದುವೆಯಾದಾಗಿನಿಂದ ಗಂಡನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಹಕ್ಕಿ ಕಾಯಲು ಕಟ್ಟಿದ್ದ ಅಟ್ಟವನ್ನು ಗಂಡ ಮೊದಲು ಹತ್ತಿದರು. ಆಮೇಲೆ ನಾನು. ಕೆಂಪು ಚಿಂದಿಗಳೆಲ್ಲ ಒಂದೇ ಮೂಲೆಯಲ್ಲಿ ಇರುತ್ತವೆಂದು ನಾನು ಎಣಿಸಿದ್ದೆ. ಹಾಗಿರಲಿಲ್ಲ. ತೋಟದಲ್ಲಿ ಅಲ್ಲಲ್ಲಿ ಕೆಂಪಿನ ಗುಂಪು. ಒಂದೊಂದು ಗುಂಪೂ ಸಾಲಿನ ಗುಂಟ ನೆಟ್ಟಗೆ ಹೋಗಿ, ಬಿಳಿಯಾಗಿ, ಆಮೇಲೆ ಏನೂ ಇಲ್ಲದೆ ಮುಗಿಯುತ್ತಿತ್ತು. ಒಂದು ಕಡೆ ದಟ್ಟವಾಗಿ ಸುರುವಾಗಿ ಇನ್ನೊಂದು ಕಡೆಗೆ ಕರಗಿಹೋಗುವ ಪಟ್ಟೆಗಳು. ತೋಟದ ಬಾಗಿಲ ಹತ್ತಿರದ ಮೂಲೆಯ ಪಟ್ಟೆ ಎಲ್ಲಕ್ಕಿಂತ ದೊಡ್ಡದು.

“ರೋಗ ಹಿಂಗ ಗೆರಿ ಹೊಡದಂಗ ಬರತೈತೇನು?” ಎಂದೆ.

ಅವರು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದರು.

ದೊಡ್ಡ ಪಟ್ಟೆ ಬಾಗಿಲ ಮೂಲೆಯಲ್ಲಿದೆ ಎಂದು ನಾನು ಕೂಗಿ ಹೇಳಿದ್ದಷ್ಟೇ ಕೆಳಗೆ ನಿಂತಿದ್ದ ಮಾವನವರಿಗೆ ಸಾಕಾಯಿತು. ಆ ಮೂಲೆಯ ಆಚೆ ಪಕ್ಕದವರ ಕಬ್ಬು. ಅಧಿಕಾರಿ ಹೇಳಿದ್ದ ಕಸದ ಔಷಧ ನೆನಪಾಯಿತು. ನಾವು ಅಟ್ಟದಿಂದ ಇಳಿಯುವಷ್ಟರಲ್ಲಿ ಅವರು ಬದು ದಾಟಿ ಹೋಗಿದ್ದರು. ಹಿಂದೆಯೇ ಓಡಿದೆವು.

ಪಕ್ಕದ ಹೊಲದ ಹಿರಿಯರು ಮಾವನವರ ಓರಿಗೆಯವರು, ಜೊತೆಗೇ ಬೆಳೆದವರು. ಕುಡಗೋಲು ಹಿಡಿದು ಮೇವು ಕೊಯ್ಯುತ್ತಿದ್ದರು.

“ನಿನ್ನ ಕಬ್ಬಿಗೆ ಏನ ಹೊಡದೀದಿ?” ಎಂದು ಮಾವ ನಿಂತಲ್ಲಿಂದಲೇ ಕೇಳಿದರು. “ನಿನ್ನ ಎಣ್ಣಿ ಗಾಳಿಗೆ ನನ್ನ ತ್ವಾಟ ಹಾಳಾಗೇತಿ.”

ಆ ಹಿರಿಯರು ಕುಡಗೋಲು ಕೆಳಗಿಟ್ಟರು. ಸಿಟ್ಟಾಗಲಿಲ್ಲ, ಮುಖ ಮಾತ್ರ ಸಣ್ಣದಾಯಿತು.

“ನಾ ಕೈಯಿಂದ ಕಸ ತಗಸ್ತೀನಿ, ನಿನಗ ಗೊತ್ತಿಲ್ಲೇನು? ಬಾ ಇಲ್ಲಿ.”

ನಮ್ಮ ಬೇಲಿಗೆ ತಾಗಿದಂತೆ ಅವರ ಮನೆಯವರು ಬದನೆ, ಅವರೆ ಹಾಕಿದ್ದರು. ಅದನ್ನು ತೋರಿಸಿದರು. “ನನ್ನ ಕಬ್ಬಿಂದ ನಿನ್ನ ತ್ವಾಟಕ್ಕ ಗಾಳಿ ಹೋಗಬೇಕಂದ್ರ ಇದರ ಮ್ಯಾಲಿಂದನ ಹೋಗಬೇಕು. ಇದಕ್ಕೇನಾಗೇತಿ ಹೇಳು.”

ಬದನೆ ಎಲೆಗಳು ಅಗಲವಾಗಿ, ನಿರಾಳವಾಗಿ ಹರಡಿದ್ದವು. ಅವರೆ ಬಳ್ಳಿ ಬೇಲಿಯನ್ನೇ ಏರಿ ನಮ್ಮ ಕಡೆಗೆ ಬಗ್ಗಿ ನೋಡುತ್ತಿತ್ತು. ಮಾವನವರು ತಿರುಗಿ ಬಂದರು. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಇಷ್ಟು ವರ್ಷದ ಗೆಳೆಯನಿಗೆ ಹಾಗೆ ಅಂದುಬಿಟ್ಟೆನಲ್ಲ ಎಂಬುದು ತೋಟಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿತ್ತು ಎಂದು ಅತ್ತೆ ನನಗೆ ಆಮೇಲೆ ಹೇಳಿದರು.

ಗಾಳಿಯಲ್ಲ ಎಂದಾಯಿತು. ನೀರೂ ಅಲ್ಲ, ನೀರಿನ ಕಾಲುವೆ ಪಟ್ಟೆಗಳಿಗೆ ಅಡ್ಡವಾಗಿ ಹೋಗಿತ್ತು. ಹಾಗಾದರೆ ಸಾಲಿನ ಗುಂಟ ಹೋಗುವುದು ಏನು? ನಾನು ಮತ್ತೆ ತೋಟ ಸುತ್ತಿದೆ. ಈ ಸಲ ಕೆಟ್ಟ ಗಿಡಗಳನ್ನು ಬಿಟ್ಟು, ಕೆಟ್ಟ ಗಿಡಗಳ ನಡುವೆ ಚೆನ್ನಾಗಿರುವುದು ಯಾವುದೆಂದು ಹುಡುಕಿದೆ. ಸಿಕ್ಕಿದ್ದು ಒಂದೇ. ಬಾಗಿಲ ಮೂಲೆಯಲ್ಲಿ, ಕೆಂಪು ಚಿಂದಿಗಳ ನಡುವೆ, ತೋಟದ ಗುಡಿಸಲಿನ ಮಗ್ಗುಲಲ್ಲಿ ಇದ್ದ ಬಳ್ಳಿ. ಅದರ ಎಲೆಗಳು ಅಂಗೈಯಷ್ಟು ಅಗಲ.

“ಅತ್ತಿ, ಇದೊಂದು ಯಾಕ ಛಲೋ ಐತಿ?”

“ಅದಕ್ಕ ಎಣ್ಣಿ ಹೊಡ್ಯಾಕ ನಾ ಬಿಡೂದಿಲ್ಲ,” ಎಂದರು ಅತ್ತೆ, ಅದೇನು ದೊಡ್ಡ ಮಾತಲ್ಲ ಎಂಬಂತೆ. “ಅದರ ಕೆಳಗ ಕುಡಿಯೂ ನೀರಿನ ಕೊಡಾ ಇಡ್ತೀವಿ. ಬುತ್ತಿ ಬಿಚ್ಚತೀವಿ. ಎಣ್ಣಿ ಬಿದ್ರ ಹೆಂಗ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಸಂಜೆ ಗಂಡನನ್ನು ತೋಟದಲ್ಲಿ ನಿಲ್ಲಿಸಿ ಕೇಳಿದೆ: ಎಣ್ಣೆ ಹೊಡೆಯುವುದು ಹೇಗೆ, ಮೊದಲಿಂದ ತೋರಿಸಿ. ನಮ್ಮಲ್ಲಿ ಇದ್ದದ್ದು ಕಾಲಿನಿಂದ ತುಳಿಯುವ ಪಂಪು. ಬ್ಯಾರಲ್ಲಿನಲ್ಲಿ ಔಷಧ ಕಲಸಿ, ಒಬ್ಬರು ಪಂಪು ತುಳಿಯುತ್ತಾರೆ. ಇನ್ನೊಬ್ಬರು ಉದ್ದದ ರಬ್ಬರ್ ಪೈಪು ಎಳೆದುಕೊಂಡು ಸಾಲಿನ ಗುಂಟ ಸಿಂಪಡಿಸುತ್ತ ಹೋಗುತ್ತಾರೆ. ಅವರು ಬರಿಗೈಯಲ್ಲೇ ನಡೆದು ತೋರಿಸಿದರು. “ಮೊದಲ ದಿನ ಇಲ್ಲಿಂದ ಸುರು,” ಎಂದು ಬಾಗಿಲ ಮೂಲೆಯಲ್ಲಿ ನಿಂತರು. “ಹೊತ್ತ ಮುಳಗಿದ್ರ ಬಿಟ್ಟು ಹೋಗತೀವಿ. ಮರುದಿನ ಅಲ್ಲಿಂದ,” ಎಂದು ಇನ್ನೊಂದು ಕಡೆ ಹೋಗಿ ನಿಂತು ತಲೆ ಎತ್ತಿದರು. ಅವರ ತಲೆಯ ಮೇಲೆಯೇ ಒಂದು ಕೆಂಪು ಚಿಂದಿ ಗಾಳಿಗೆ ಹಾರುತ್ತಿತ್ತು. ಅವರೇ ಮುಂದಿನ ದಿನದ ಜಾಗಕ್ಕೆ ನಡೆದರು. ಅಲ್ಲೂ ಕೆಂಪು ಪಟ್ಟೆಯ ತುದಿ.

ಪ್ರತಿ ಪಟ್ಟೆಯೂ ನಾವು ಮುಂಜಾನೆ ಎಣ್ಣೆ ಸುರುಮಾಡಿದ ಕಡೆಯಿಂದ ಹುಟ್ಟಿ, ನಾವು ನಡೆದ ದಿಕ್ಕಿಗೇ ಕರಗಿತ್ತು. ರೋಗ ನಮ್ಮ ಹಿಂದೆಯೇ ನಡೆದು ಬಂದಿತ್ತು.

“ಎಣ್ಣಿ ಕೆಟ್ಟಿದ್ರ ಸಾಲ ಪೂರ್ತಿ ಕೆಡಬೇಕಿತ್ತು,” ಎಂದರು ಅವರು ನಿಧಾನವಾಗಿ. “ಮುಂಜಾನಿ ಮೊದಲ ಬರೂದ ಅಷ್ಟ ಕೆಟ್ಟೈತಿ. ಅಂದ್ರ ರಾತ್ರಿ ಪೈಪಿನ್ಯಾಗ ನಿಂತ ನೀರು. ಪೈಪಿನ್ಯಾಗ ಏನರ ಐತಿ.”

ಅವರು ಹಾಗೆಂದ ಕೂಡಲೇ ನನಗೆ ಗೊತ್ತಾಯಿತು. ಆ ವರ್ಷ ಭಾದ್ರಪದದಲ್ಲಿ ದಿಗ್ಗೇವಾಡಿಯಿಂದ ನನ್ನ ಅಣ್ಣ ಬಂದು ಆ ಪಂಪನ್ನು ಕೇಳಿ ಒಯ್ದಿದ್ದ. ಹೊಸ ಕಬ್ಬಿನಲ್ಲಿ ಕಸ ಬಹಳ ಎದ್ದಿದೆ, ಆಳು ಸಿಗುತ್ತಿಲ್ಲ ಎಂದಿದ್ದ. ದಸರೆಗೆ ಮುಂಚೆ ತಂದುಕೊಟ್ಟು, ಮಾವನವರ ಕಾಲಿಗೆ ನಮಸ್ಕಾರ ಮಾಡಿ, ಹೋಳಿಗೆ ಉಂಡು ಹೋಗಿದ್ದ.

ಮನೆಯ ದಾರಿ ಹಿಡಿಯುವಷ್ಟರಲ್ಲಿ ಹುಡುಕುವಾಗ ಇದ್ದ ಹುರುಪು ಎಲ್ಲಿಗೋ ಹೋಗಿತ್ತು. ಯಾರೂ ಅಣ್ಣನನ್ನು ನೆನಪಿಸಿಕೊಳ್ಳದಿದ್ದರೆ ಸಾಕು ಅನಿಸಿತು. ಆದರೆ ಪಂಪು ಎಲ್ಲಿಗೆ ಹೋಗಿತ್ತು ಎಂಬುದನ್ನು ಬಿಟ್ಟರೆ ಹುಡುಕಾಟ ಅರ್ಧವೇ ಆಗುತ್ತಿತ್ತು. ಮಾವನವರು ನಾಳೆ ಮತ್ತೆ ಯಾವುದೋ ಎಣ್ಣೆ ತರುತ್ತಿದ್ದರು. ಊಟಕ್ಕೆ ಬಡಿಸುತ್ತಾ ಹೇಳಿಬಿಟ್ಟೆ. ಪಂಪು ನಮ್ಮಣ್ಣ ಒಯ್ದಿದ್ದ, ಕಬ್ಬಿಗೆ ಕಸದ ಔಷಧ ಹೊಡೆದಿರಬೇಕು, ಅದೇ ಪೈಪಿನಲ್ಲಿ ಉಳಿದಿರಬೇಕು.

ಮಾವನವರು ತುತ್ತು ಹಾಗೇ ಹಿಡಿದುಕೊಂಡು ಕೂತರು. ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

“ಇರಬೇಕು, ಇರಬೇಕು ಅನ್ನಾಕತ್ತೀದಿ,” ಎಂದರು ಮಾವ ಕೊನೆಗೆ. “ನಾ ನಿನ್ನೆ ಹಿಂಗ ಅಂದ್ಕೊಂಡು ಬದು ದಾಟಿ ಹೋಗಿ ಒಬ್ಬನ ಮನಸ್ಸ ಮುರದು ಬಂದೀನಿ. ನಿಮ್ಮಣ್ಣಗ ಈಗ ಏನೂ ಹೇಳಬ್ಯಾಡ. ಮೊದಲ ಖರೇ ಏನು ಅಂತ ತಿಳಕೊಳ್ಳೂಣು.”

ಅವರ ಬಾಯಿಂದ ಆ ಮಾತು ಬರುತ್ತದೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅತ್ತೆ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ತಿಳಿದುಕೊಳ್ಳುವುದು ಹೇಗೆ ಎಂದು ಯೋಚಿಸಿ, ಹಿತ್ತಲಿನ ಟೊಮ್ಯಾಟೊ ಸಸಿಗಳನ್ನು ಆರಿಸಿದೆವು. ಅತ್ತೆ ಸಾಕಿದ ಎಳೆಯ ಸಸಿಗಳು, ಎರಡು ಸಾಲು. ಗಂಡ ಪಂಪು ತಂದು, ಬರೀ ಬಾವಿಯ ನೀರು ತುಂಬಿ, ಪೈಪಿನಲ್ಲಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಂದು ಸಾಲಿಗೆ ಆ ನೀರು ಹೊಡೆದರು. ಇನ್ನೊಂದು ಸಾಲಿಗೆ ಅದೇ ಬಾವಿಯ ನೀರನ್ನು ನಾನು ಕೈಯಿಂದ ಚಿಮುಕಿಸಿದೆ. ಔಷಧವಿಲ್ಲ, ಪುಡಿಯಿಲ್ಲ. ಎರಡೂ ಕಡೆ ನೀರು ಮಾತ್ರ.

ಅದಾದ ಮೇಲೆ ಕಾಯುವ ಕೆಲಸ. ಅದೇ ಹೊತ್ತಿಗೆ ಮೋಡ ಕವಿಯಿತು. ದ್ರಾಕ್ಷಿಯವರಿಗೆ ಆ ಸಮಯದ ಮೋಡವೆಂದರೆ ಎದೆ ನಡುಗುತ್ತದೆ; ನಿಜವಾದ ಬೂಜು ರೋಗ ಬರುವುದು ಆಗಲೇ. ಊರಿನ ಎಲ್ಲ ತೋಟಗಳಲ್ಲೂ ಪಂಪು ತುಳಿಯುವ ಸದ್ದು. ನಮ್ಮ ತೋಟದಲ್ಲಿ ಮಾತ್ರ ಸದ್ದಿಲ್ಲ. ಮಾವ ಅಂಗಳದಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ತಿರುಗಿದರು. ಟೊಮ್ಯಾಟೊ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಏನರ ಹೇಳ್ರವಾ,” ಎಂದು ಸಸಿಗಳಿಗೇ ಅನ್ನುವುದು ಕೇಳಿಸಿತು.

ಅವರ ಆ ಸಂಕಟ ನೋಡಲಾರದೆ ಅತ್ತೆ ಪಕ್ಕದ ಹೊಲದ ಮನೆಗೆ ಹೋಗಿ ಆ ಹಿರಿಯರ ಹೆಂಡತಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡರು. ಸಂಜೆಗೆ ಆ ಹಿರಿಯರೇ ಹೆಗಲ ಮೇಲೆ ತಮ್ಮ ಪಂಪು ಹೊತ್ತು ನಮ್ಮ ಅಂಗಳಕ್ಕೆ ಬಂದರು.

“ಇದು ಬರೇ ತೊಗರಿಗೆ ಹೊಡದಿದ್ದೈತಿ. ಬೂಜಿನ ಎಣ್ಣಿ ಇದರಲೇ ಹೊಡಕೋ,” ಎಂದರು.

ಮಾವ ಎದ್ದು ನಿಂತರು. “ಅವತ್ತ ನಾ…”

“ಬಿಡು. ನನ್ನ ಬದನಿಕಾಯಿ ಉಳಿಸಿತು ನನ್ನ.”

ಇಬ್ಬರೂ ನಕ್ಕರು. ಚಹಾ ಮಾಡಿಕೊಟ್ಟೆ. ಅವರು ಹೋಗದೆ ಹಿತ್ತಲಿಗೆ ಬಂದು ಸಸಿಗಳನ್ನು ನೋಡಿದರು, ಮರುದಿನವೂ ಬಂದರು. ನೋಡುವ ಚಟ ಅವರಿಗೂ ಹತ್ತಿತು.

ಪಂಪಿನ ನೀರು ಬಿದ್ದ ಸಾಲಿನ ಸಸಿಗಳು ಮೊದಲು ಕತ್ತು ಬಗ್ಗಿಸಿದವು. ಬಾಡಿದಂತಲ್ಲ, ಯಾರೋ ಹಿಡಿದು ತಿರುವಿದಂತೆ. ಆಮೇಲೆ ತುದಿಯಲ್ಲಿ ಬಂದ ಹೊಸ ಎಲೆಗಳು ಸಣ್ಣದಾಗಿ, ದಾರದಂತೆ ಸುರುಳಿಯಾದವು. ಮಗ್ಗುಲ ಸಾಲು ನೆಟ್ಟಗೆ ನಿಂತಿತ್ತು. ಎರಡು ಸಾಲಿಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಮಾವ, ಗಂಡ, ಅತ್ತೆ, ಪಕ್ಕದ ಹಿರಿಯರು, ನಾನು, ಎಲ್ಲರೂ ಬಗ್ಗಿ ನೋಡುತ್ತ ನಿಂತೆವು.

ಅಥಣಿಗೆ ಹೇಳಿ ಕಳಿಸಿದೆವು. ಅಧಿಕಾರಿ ಬಂದು ಅಟ್ಟ ಹತ್ತಿ ಚಿಂದಿಗಳನ್ನು ನೋಡಿದರು, ಹಿತ್ತಲಿಗೆ ಬಂದು ಸಸಿಗಳನ್ನು ನೋಡಿದರು. ಅವರ ಮುಖದಲ್ಲಿ ಹಬ್ಬದ ಕಳೆ. ಪಂಪನ್ನು ಪೂರ್ತಿ ಬಿಚ್ಚಿಸಿ, ರಬ್ಬರಿನ ಪೈಪು, ಒಳಗಿನ ವಾಶರು ಕೈಗೆ ತೆಗೆದುಕೊಂಡು, “ಇವು ಕುಡಕೊಂಡು ಕುಂತಾವ್ರಿ. ನೀರಿಂದ ತೊಳದ್ರ ಹೋಗೂದಿಲ್ಲ,” ಎಂದರು. ದ್ರಾಕ್ಷಿ ಆ ಔಷಧಕ್ಕೆ ಎಷ್ಟು ಸೂಕ್ಷ್ಮವೆಂದರೆ ವಾಸನೆಯಷ್ಟು ಇದ್ದರೂ ಸಾಕಂತೆ. ಮಾವ ಕೇಳಿದರು, ಈಗ ಯಾವ ಔಷಧ ಹೊಡೆಯಬೇಕು ಎಂದು. ಅವರು ನಕ್ಕು, “ಏನೂ ಬ್ಯಾಡ್ರಿ. ಈ ಪಂಪಿನ್ಯಾಗ ಹೊಡಿಯೂದ ಬಿಟ್ರಲ್ಲ, ಅದ ಔಷಧ. ನೀರು ಹಾಯಸ್ರಿ, ಬಳ್ಳಿ ತಾನ ಸುಧಾರಿಸ್ತೈತಿ,” ಎಂದರು.

ಬಳ್ಳಿ ಸುಧಾರಿಸಿತು, ಆದರೆ ಆ ವರ್ಷ ಕೆಂಪು ಚಿಂದಿಯ ಸಾಲುಗಳಲ್ಲಿ ಗೊಂಚಲು ಸರಿಯಾಗಿ ಕಟ್ಟಲಿಲ್ಲ. ಕಾಳುಮೆಣಸಿನಷ್ಟೇ ಗಾತ್ರದ ಹಣ್ಣು, ಒಂದಕ್ಕೊಂದು ಸಂಬಂಧವಿಲ್ಲದಂತೆ. ಉಳಿದ ಸಾಲುಗಳು ಕೈಬಿಡಲಿಲ್ಲ. ಪಕ್ಕದವರ ಪಂಪಿನಿಂದ ಎಣ್ಣೆ ಹೊಡೆದದ್ದರಿಂದ ಬೂಜೂ ಬರಲಿಲ್ಲ.

ಸಂಕ್ರಮಣಕ್ಕೆ ತವರಿಗೆ ಹೋದಾಗ ಅಣ್ಣನಿಗೆ ಹೇಳಿದೆ. ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಕೂತು ಬಹಳ ಯೋಚಿಸಿದ್ದೆ. ಹೋದ ಮೇಲೆ ಮೊದಲಿಂದ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ತಲೆಯ ಮೇಲೆ ಕೈಯಿಟ್ಟುಕೊಂಡ.

“ಹೊಳ್ಯಾಗ ಮುಳುಗಿಸಿ ಮುಳುಗಿಸಿ ತೊಳದಿದ್ನವಾ. ನಿಮ್ಮ ಮನಿ ವಸ್ತು ಅಂತ ಒರಸಿ ತಂದಿದ್ನಿ.”

“ಗೊತ್ತೈತಿ ಅಣ್ಣಾ. ಮಾವಾರಿಗೂ ಗೊತ್ತೈತಿ. ಯಾರೂ ನಿನಗ ಏನೂ ಅಂದಿಲ್ಲ.”

ಅವನು ಒಮ್ಮೆಲೆ ಎದ್ದು ಹಿತ್ತಲಿಗೆ ಕರೆದುಕೊಂಡು ಹೋದ. ಅವರ ಹಿತ್ತಲಿನ ಅವರೆ ಬಳ್ಳಿ ಎರಡು ವರ್ಷದಿಂದ ಚಿಗುರಿದ ಹಾಗೆಲ್ಲ ತಿರುಚಿಕೊಳ್ಳುತ್ತಿತ್ತಂತೆ. ಬೀಜ ಕೆಟ್ಟದ್ದೆಂದು ಚಿಕ್ಕೋಡಿಯಿಂದ ಬೇರೆ ಬೀಜ ತರಿಸಿದ್ದರು. ಅದೂ ಹಾಗೇ ಆಗಿತ್ತು. ಕಸದ ಔಷಧ ಕಲಸಿದ ಬಕೇಟು ತೊಳೆದು ಅತ್ತಿಗೆ ಅದರಲ್ಲೇ ಬಳ್ಳಿಗೆ ನೀರು ಹಾಕುತ್ತಿದ್ದರು. ಅಣ್ಣ ಬಕೇಟನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದ ಇರಬಹುದೇನು?”

“ಇರಬಹುದು. ಬ್ಯಾರೇ ಕೊಡದಿಂದ ನೀರು ಹಾಕಿ ನೋಡು,” ಎಂದೆ.

ಅವನು ಹಾಗೇ ಮಾಡಿದ. ಬೇಸಿಗೆಯಲ್ಲಿ ಬಂದಾಗ ಒಂದು ಚೀಲ ಅವರೆಕಾಯಿ ತಂದ, ಮಾವನವರ ಮುಂದೆ ಸುರಿದ. ಆ ಪಂಪನ್ನು ಮಾವ ಅವನಿಗೇ ಕೊಟ್ಟುಬಿಟ್ಟರು, ಕಬ್ಬಿಗೆ ಇರಲಿ ಎಂದು.

ಬೇಸಿಗೆ ಚಾಟ್ನಿಯಾದ ಮೇಲೆ ತೋಟವೆಲ್ಲ ಹೊಸ ಎಲೆ. ಅಗಲವಾದ, ಸರಿಯಾದ ಎಲೆ. ನಡುವಿನ ಸಾಲಿನಲ್ಲಿ ಮಾತ್ರ ಒಂದು ಬಳ್ಳಿ ಮಂಕಾಗಿ ನಿಂತಿತ್ತು. ಮುದುಡಿರಲಿಲ್ಲ, ತಿರುಚಿರಲಿಲ್ಲ, ಸುಮ್ಮನೆ ಬೆಳೆಯಲೊಲ್ಲದು. ಅದಕ್ಕೆ ಹಿಂದೆ ಚಿಂದಿಯನ್ನೂ ಕಟ್ಟಿರಲಿಲ್ಲ. ಮಾವ ಗುದ್ದಲಿ ಹಿಡಿದು ಹೊರಟವರು ಅದರ ಮುಂದೆ ನಿಂತು ನನ್ನನ್ನು ಕೂಗಿದರು.

“ತಂಗಿ, ಇದಕ್ಕೇನಾಗಿರಬೇಕು?”

“ಗೊತ್ತಿಲ್ರಿ ಮಾವಾ.”

“ನನಗೂ ಗೊತ್ತಿಲ್ಲ,” ಎಂದು ಅವರು ಗುದ್ದಲಿ ಕೆಳಗಿಟ್ಟು, ಬುಡದ ಮಣ್ಣನ್ನು ಕೈಯಿಂದ ಮೆಲ್ಲಗೆ ಬಿಡಿಸತೊಡಗಿದರು. ಬೇರು ಚೆನ್ನಾಗಿತ್ತು. ಹುಳವಿರಲಿಲ್ಲ. ಆ ವರ್ಷವೆಲ್ಲ ನಾವು ಅದನ್ನು ನೋಡುತ್ತಲೇ ಇದ್ದೆವು. ಅದರ ಕಾರಣ ನಮಗೆ ಕೊನೆಗೂ ಸಿಗಲಿಲ್ಲ. ಮುಂದಿನ ವರ್ಷ ಅದು ತಾನಾಗಿಯೇ ಚಿಗುರಿ, ಉಳಿದವುಗಳ ಜೊತೆ ಚಪ್ಪರ ಏರಿತು.